ನೀಲಿ ಡಬ್ಬಿಯ ಮೇಲಿನ ಒದ್ದೆ ಬಟ್ಟೆ

ಇಂಥ ನಂಬಲಾಗದ ಸಂಗತಿಗಳನ್ನು ಹೇಳುವವರನ್ನು ಕಂಡರೆ ನನಗೆ ಆಗುತ್ತಲೇ ಇರಲಿಲ್ಲ. ಅವ್ವ ದೃಷ್ಟಿ ತೆಗೆಯಲು ಉಪ್ಪು, ಮೆಣಸಿನಕಾಯಿ ಹಿಡಿದು ಬಂದರೆ, ‘ನಾ ಓದಿದ್ದಕ್ಕ ಅವಮಾನ ಮಾಡಬ್ಯಾಡವ’ ಎಂದು ಎದ್ದು ಹೋಗುತ್ತಿದ್ದೆ. ಈಗ ಆ ಸೊಕ್ಕು ಉಳಿದಿಲ್ಲ. ಇದನ್ನು ಬರೆಯದಂತೆ ಇಷ್ಟು ವರ್ಷ ತಡೆದದ್ದು ನಾಚಿಕೆ.

ಆಗ ನಾನು ಹೈದರಾಬಾದಿನ ಒಂದು ಸಣ್ಣ ಪ್ರಯೋಗಾಲಯದಲ್ಲಿದ್ದೆ. ನಮ್ಮ ಜೀವಕೋಶಗಳ ಮೈಮೇಲೆ ಗ್ರಾಹಕ ಪ್ರೋಟೀನುಗಳಿರುತ್ತವೆ. ಹೊರಗಿನ ಸಂದೇಶವನ್ನು ಹಿಡಿದು ಒಳಗೆ ತಲುಪಿಸುವುದು ಅವುಗಳ ಕೆಲಸ. ಅವುಗಳ ಜೀನನ್ನು ಬೇರೆ ಕೋಶಗಳಿಗೆ ಸೇರಿಸಿ ಬೆಳೆಸಿ, ಬಂದ ಪ್ರೋಟೀನನ್ನು ಶುದ್ಧ ಮಾಡಿ ಸಂಶೋಧಕರಿಗೆ ಕಳಿಸುತ್ತಿದ್ದೆವು. ವಾರಗಟ್ಟಲೆ ದುಡಿದದ್ದೆಲ್ಲ ಕೊನೆಗೆ ಒಂದು ನೀಲಿ ಡಬ್ಬಿಯ ಪುಟ್ಟ ಟ್ಯೂಬುಗಳಲ್ಲಿ ಕೂರುತ್ತಿತ್ತು. ಅದನ್ನು ಡೀಪ್ ಫ್ರೀಜರಿನಲ್ಲಿಡಬೇಕು. ಕರಗಿ ಬೆಚ್ಚಗಾಯಿತೆಂದರೆ ಮುಗಿಯಿತು.

ಅಲ್ಲಿ ಕಸ ಗುಡಿಸಿ ಒರೆಸುತ್ತಿದ್ದವಳು ಯಾದಗಿರಿ ಕಡೆಯ ಭೀಮವ್ವ. ಅವಳಿಗೆ ತೆಲುಗು ಬಾರದು, ಹಿಂದಿ ನಾಲ್ಕು ಮಾತು. ಅವಳ ಭಾಷೆ ತಿಳಿಯುತ್ತಿದ್ದದ್ದು ಕಲಬುರಗಿ ಮೂಲದ ನನಗೊಬ್ಬಳಿಗೇ. ನಾನು ಟ್ಯೂಬುಗಳನ್ನು ಮಂಜುಗಡ್ಡೆಯ ತೊಟ್ಟಿಯಲ್ಲಿಟ್ಟುಕೊಂಡು ಕೆಲಸ ಮಾಡುವಾಗ ಅವಳು ಒದ್ದೆ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ, ತುದಿಗಳನ್ನು ಒಳಗೆ ಸಿಕ್ಕಿಸಿ ತೊಟ್ಟಿಗೆ ಮುಚ್ಚುತ್ತಿದ್ದಳು. ‘ಊರಾಗ ನೀರಿನ ಗಡಿಗಿಗಿ ಹಿಂಗ ಮಾಡ್ತೀವ್ರಿ ಅಕ್ಕಾರ, ತಂಪು ಹೋಗಂಗಿಲ್ಲ’ ಎನ್ನುತ್ತಿದ್ದಳು. ನಾನು ನಗುತ್ತಿದ್ದೆ.

ಒಂದು ಏಪ್ರಿಲ್ ಮಧ್ಯಾಹ್ನ ಡಬ್ಬಿಯನ್ನು ಮೇಜಿನ ಮೇಲೆ ಮರೆತು ಊಟಕ್ಕೆ ಹೋದೆ. ಹರಟೆಯಲ್ಲಿ ಎರಡು ಗಂಟೆ ಹೋಯಿತು. ಬಂದು ನೋಡಿದರೆ ಎಲ್ಲ ಕರಗಿ ನೀರಾಗಿತ್ತು. ಯಾರಿಗೂ ಹೇಳದೆ ಡಬ್ಬಿಯನ್ನು ಫ್ರೀಜರಿಗೆ ತಳ್ಳಿದೆ. ಮೂರು ದಿನದ ಮೇಲೆ ಪರೀಕ್ಷಿಸಿದಾಗ ಪ್ರೋಟೀನು ಕೆಲಸ ಮಾಡಲಿಲ್ಲ. ಫ್ರೀಜರಿನ ಹಿಮ ಕೆರೆದು ಒರೆಸುವುದೂ ಭೀಮವ್ವನ ಕೆಲಸ. ಒರೆಸುವಾಗ ಅವಳು ಡಬ್ಬಿಯನ್ನು ಹೊರಗಿಟ್ಟು ಮರೆತಿರಬೇಕೆಂದು ನಮ್ಮ ಸಾಹೇಬರಿಗೆ ಅನುಮಾನ ಬಂತು. ಅವರು ತೆಲುಗಿನವರು. ಅವಳನ್ನು ಕರೆಸಿ, ಅವಳ ಮಾತನ್ನು ತಿಳಿಸಲು ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡರು.

‘ನಾ ಡಬ್ಬಿ ಮುಟ್ಟಿಲ್ರಿ. ಅವತ್ತ ಮಧ್ಯಾಹ್ನ ಅದು ಅಕ್ಕಾರ ಮೇಜಿನ ಮ್ಯಾಲ ಇತ್ರಿ. ಅಕ್ಕಾರಿಗೇ ಗೊತ್ತೈತಿ’ ಎಂದಳು ಭೀಮವ್ವ.

ನಾನು ತೆಲುಗಿನಲ್ಲಿ ಹೇಳಿದ್ದು ಬೇರೆ: ಒರೆಸುವಾಗ ಹೊರಗಿಟ್ಟಿದ್ದರೂ ಇಟ್ಟಿರಬಹುದು, ನೆನಪಿಲ್ಲ ಅನ್ನುತ್ತಿದ್ದಾಳೆ. ನನ್ನ ಕೆಲಸ ಇನ್ನೂ ಖಾಯಂ ಆಗಿರಲಿಲ್ಲ, ಅದಕ್ಕೇ ಬಾಯಿಗೆ ಹಾಗೆ ಬಂತು. ತನ್ನ ಮಾತನ್ನೇ ನಾನು ಹೇಳಿದೆನೆಂದು ತಿಳಿದು ಭೀಮವ್ವ ಹೌದು ಹೌದೆಂದು ತಲೆಯಾಡಿಸಿದಳು. ಅವತ್ತೇ ಅವಳನ್ನು ಕೆಲಸದಿಂದ ತೆಗೆದರು.

ಎರಡು ತಿಂಗಳ ನಂತರ ಒಂದು ಭಾನುವಾರ ಒಬ್ಬಳೇ ಹೋಗಿ ಹೊಸ ಟ್ಯೂಬುಗಳ ಡಬ್ಬಿಯನ್ನು ಆಗಷ್ಟೇ ಹೊರತೆಗೆದು ಮೇಜಿನ ಮೇಲಿಟ್ಟಿದ್ದೆ, ತೊಟ್ಟಿಗೆ ಮಂಜುಗಡ್ಡೆ ಇನ್ನೂ ಹಾಕಿರಲಿಲ್ಲ. ಅವ್ವನ ಫೋನು ಬಂತು. ಅಪ್ಪ ನಗರದ ಇನ್ನೊಂದು ತುದಿಯ ಕುಷಾಯಿಗೂಡದ ನಮ್ಮ ಮನೆಯಲ್ಲಿ ಜಾರಿ ಬಿದ್ದಿದ್ದರು. ಎದ್ದೆನೋ ಬಿದ್ದೆನೋ ಎಂದು ಓಡಿದೆ. ಡಬ್ಬಿ ನೆನಪಾದದ್ದು ಅಪ್ಪನ ಕಾಲಿಗೆ ಪ್ಲಾಸ್ಟರ್ ಹಾಕುವಾಗ. ತಿರುಗಿ ಬರುವಷ್ಟರಲ್ಲಿ ನಾಲ್ಕು ಗಂಟೆ ಕಳೆದಿತ್ತು.

ಮೇಜಿನ ಮೇಲೆ ಡಬ್ಬಿ ಇರಲಿಲ್ಲ. ಪಕ್ಕದ ತೊಟ್ಟಿಯ ಮೇಲೆ ನಾಲ್ಕು ಮಡಿಕೆಯ ಒದ್ದೆ ಬಟ್ಟೆ, ತುದಿಗಳು ಒಳಗೆ ಸಿಕ್ಕಿಸಿದ್ದವು. ಎತ್ತಿ ನೋಡಿದೆ. ತುಂಬಾ ಮಂಜುಗಡ್ಡೆ, ಅದರ ನಡುವೆ ನೀಲಿ ಡಬ್ಬಿ. ಬಾಗಿಲಿನ ದಾಖಲೆ ತೆಗೆಸಿ ನೋಡಿದೆ. ಕಾರ್ಡು ತೋರಿಸದೆ ಆ ಬಾಗಿಲು ತೆರೆಯುವುದಿಲ್ಲ. ಅಂದು ದಾಖಲಾಗಿದ್ದದ್ದು ನನ್ನದೊಂದೇ ಕಾರ್ಡು. ಕಾವಲುಗಾರನೂ ಯಾರೂ ಬಂದಿಲ್ಲ ಎಂದ. ಮರುದಿನ ಪರೀಕ್ಷಿಸಿದರೆ ಪ್ರೋಟೀನು ಚೆನ್ನಾಗಿಯೇ ಇತ್ತು. ಗಾಬರಿಯಲ್ಲಿ ನಾನೇ ಹಾಗೆ ಇಟ್ಟು ಮರೆತೆನೇ ಎಂದು ನೀವು ಕೇಳಬಹುದು. ನಾನೂ ಕೇಳಿಕೊಂಡಿದ್ದೇನೆ. ಆದರೆ ಆ ಮಡಿಕೆ ನನಗೆ ಬರುವುದಿಲ್ಲ. ಆಮೇಲೆ ಎಷ್ಟೋ ಸಲ ಮಾಡಿ ನೋಡಿದೆ, ತುದಿ ಬಿಚ್ಚಿಕೊಳ್ಳುತ್ತದೆ.

ವಿಚಾರಿಸಿಕೊಂಡು ಮಿಯಾಪುರಕ್ಕೆ ಹೋದೆ. ಭೀಮವ್ವ ಅಲ್ಲಿ ಅಪಾರ್ಟ್‌ಮೆಂಟ್ ಕಟ್ಟುವ ಕಡೆ ಇಟ್ಟಿಗೆ ಹೊರುತ್ತಿದ್ದಳು. ಹೇಳಲು ನಾಚಿಕೆಯಾಗುತ್ತದೆ, ಅವಳ ಕ್ಷಮೆ ಕೇಳಬೇಕೆಂದು ನಾನು ಹೋಗಿರಲಿಲ್ಲ. ಆ ಭಾನುವಾರ ನೀನು ಎಲ್ಲಿದ್ದೆ ಎಂದಷ್ಟೇ ಕೇಳಿದೆ.

‘ಇಲ್ಲೇ ಇದ್ನಲ್ರಿ, ಎಲ್ಲಿ ಹೋಗ್ಲಿ’ ಎಂದಳು. ಅಂಗೈ ನೋಡಿಕೊಳ್ಳುತ್ತ, ‘ಅವತ್ತ ಮಧ್ಯಾಹ್ನ ಅಂಥಾ ಬಿಸಲಾಗೂ ಕೈ ಎರಡೂ ತಣ್ಣಗಾಗಿ ಜೋಮು ಹಿಡದಿದ್ವು ನೋಡ್ರಿ. ಇಟ್ಟಂಗಿ ಹಿಡಿಯಾಕ ಆಗ್ಲಿಲ್ಲ’ ಎಂದಳು.

ನಾನು ಹೊರಟು ನಿಂತಾಗ ಅವಳೇ ಕೇಳಿದಳು. ‘ಅಕ್ಕಾರ, ಅವತ್ತ ನಾ ಹೇಳಿದ್ದು ಸಾಹೇಬ್ರಿಗಿ ಪೂರಾ ಹೇಳಿದ್ರಿಲ್ರಿ? ಅವ್ರೇ ನಂಬಲಿಲ್ಲ, ಹೌದಲ್ರಿ?’

‘ಹೌದು’ ಎಂದೆ.

‘ನೀವಾದ್ರೂ ಹೇಳಿದ್ರಲ್ಲ, ಅಷ್ಟ ಸಾಕ್ರಿ’ ಎಂದು ಭೀಮವ್ವ ಕೈ ಮುಗಿದಳು.

ಆ ತೊಟ್ಟಿಗೆ ಮಂಜುಗಡ್ಡೆ ತುಂಬಿದ್ದು ಯಾರೆಂದು ಇವತ್ತಿಗೂ ನನಗೆ ಗೊತ್ತಿಲ್ಲ. ನಾಳೆ ಸಾಹೇಬರಿಗೆ ಎಲ್ಲ ಹೇಳಿಬಿಡುತ್ತೇನೆ ಎಂದುಕೊಂಡೇ ಅವತ್ತು ಮೆಟ್ರೋ ಹತ್ತಿದ್ದೆ. ಹೇಳಲಿಲ್ಲ. ಆ ವರ್ಷವೇ ನನ್ನ ಕೆಲಸ ಖಾಯಂ ಆಯಿತು.