ಲಾರಿಯ ಕೆಮ್ಮಿಗೆ ಕಿವಿಗೊಡುವ ಮಂಚಯ್ಯ

ಚನ್ನರಾಯಪಟ್ಟಣದ ಹಾಸನ ರಸ್ತೆಯಲ್ಲಿ ಇನ್ನೂ ಬೆಳಕು ಸರಿಯಾಗಿ ಹರಿದಿಲ್ಲ. ತೆಂಗಿನಗರಿ ಹೊದಿಸಿದ ಶೆಡ್ಡಿನೊಳಗೆ ಪಂಚಾಕ್ಷರಯ್ಯನವರ ಸಣ್ಣ ಲಾರಿ ಕುಂಟುತ್ತಿದೆ. ಇಂಜಿನ್ ಎರಡು ಸಲ ಸರಿಯಾಗಿ ಉಸಿರಾಡುತ್ತದೆ, ಮೂರನೆಯದು ತಪ್ಪುತ್ತದೆ. ಜೊತೆಗೆ ಟಿಕ್ ಟಿಕ್ ಎಂಬ ಸದ್ದು ಬೇರೆ. ಮೆಕ್ಯಾನಿಕ್ ಮಂಚಯ್ಯ ಬಾನೆಟ್ಟಿನೊಳಗೆ ಬಗ್ಗಿ, ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗೆ ಆನಿಸಿಕೊಂಡು ಕಣ್ಣು ಮುಚ್ಚಿದ್ದಾರೆ. ಅವರನ್ನು ಮಾತಾಡಿಸುವ ಧೈರ್ಯ ಯಾರಿಗೂ ಇಲ್ಲ.

ಎರಡನೇ ಮಹಾಯುದ್ಧ ಶುರುವಾಗಿ ಪೆಟ್ರೋಲಿಗೆ ತತ್ವಾರ ಬಂದ ಮೇಲೆ ಈ ಕಡೆಯ ಗಾಡಿಗಳೆಲ್ಲ ಬೆನ್ನಿಗೆ ಒಲೆ ಕಟ್ಟಿಕೊಂಡು ಓಡುತ್ತಿವೆ. ಇದ್ದಿಲು ಸುಟ್ಟು ಬರುವ ಗ್ಯಾಸಿನಲ್ಲೇ ಇಂಜಿನ್ ನಡೆಯಬೇಕು. ಗಾಡಿಗೂ ಹಿಂಸೆ, ಓಡಿಸುವವರಿಗೂ ಹಿಂಸೆ. ಹೊಳೆನರಸೀಪುರ, ಅರಕಲಗೂಡಿನ ಡ್ರೈವರುಗಳೂ ಈ ಶೆಡ್ಡನ್ನು ಹುಡುಕಿಕೊಂಡು ಬರುತ್ತಾರೆ. ವಾರಕ್ಕೆ ಹತ್ತು ಗಾಡಿಯಾದರೂ ಇಲ್ಲಿಗೆ ಬಂದು ಕೆಮ್ಮುತ್ತವೆ.

ಮಂಚಯ್ಯ ಬಾಗೂರು ಕಡೆಯ ಕೂಲಿಯವರ ಮಗ. ಹಾಸನದ ವರ್ಕ್‌ಶಾಪೊಂದರಲ್ಲಿ ಗಾಡಿ ತೊಳೆಯುತ್ತಿದ್ದಾಗ ಜಾತಿಯ ಕಾರಣಕ್ಕೆ ಅವರಿಗೆ ಸ್ಪ್ಯಾನರ್ ಮುಟ್ಟಲು ಬಿಡುತ್ತಿರಲಿಲ್ಲವಂತೆ.

"ಮುಟ್‌ಬ್ಯಾಡ ಅಂದ್ರು ಸಾ. ಕೇಳ್‌ಬ್ಯಾಡ ಅನ್ನಕ್ಕಾಯ್ತದಾ? ದೂರ ನಿಂತ್ಕಂಡು ಇಂಜಿನ್ ಸದ್ದು ಕೇಳ್ತಿದ್ದೆ" ಎನ್ನುತ್ತಾರೆ. ಹೇಳುವ ಅವರಿಗೆ ಕೋಪವಿಲ್ಲ. ಪತ್ರಿಕೆಗೆಂದು ಕೇಳಿ ಬರೆದುಕೊಳ್ಳುತ್ತಿದ್ದ ನನಗೆ ಬಂತು.

ಇವತ್ತಿನ ಪಂಚಾಯಿತಿ ಬರೀ ಇಂಜಿನ್ನಿನದಲ್ಲ. ಗಾಡಿ ಕೆಡಿಸಿದ್ದು ಡ್ರೈವರ್ ಲಕ್ಕಯ್ಯನೇ ಎಂದು ಮಾಲೀಕ ಪಂಚಾಕ್ಷರಯ್ಯನವರು ತೀರ್ಮಾನಿಸಿಬಿಟ್ಟಿದ್ದಾರೆ. "ಇವನ ತಪ್ಪು ಅಂತ ಗೊತ್ತಾಗ್ಲಿ, ಇವತ್ತೇ ಕೆಲಸ ಬಿಡಿಸ್ತೀನಿ" ಎಂದು ಎಲ್ಲರೆದುರು ಹೇಳಿದ್ದಾರೆ. ಲಕ್ಕಯ್ಯ ಟವಲು ಹಿಸುಕುತ್ತ ನಿಂತಿದ್ದಾನೆ.

ಮಂಚಯ್ಯ ಪ್ಲಗ್ಗಿನ ವೈರುಗಳನ್ನು ಒಂದೊಂದಾಗಿ ಕಿತ್ತು ಮತ್ತೆ ಸಿಕ್ಕಿಸುತ್ತಾರೆ. "ಕಿತ್ರೆ ಇನ್ನೂ ಜಾಸ್ತಿ ಕುಂಟ್‌ಬೇಕು. ಕಿತ್ರೂ ಅಂಗೇ ಇದ್ರೆ ಅವ್ನೇ ಕಳ್ಳ ಕಣ್ಲಾ" ಎಂದು ಲಕ್ಕಯ್ಯನಿಗೆ ತೋರಿಸುತ್ತಾರೆ. ಮೂರನೆಯ ವೈರು ಕಿತ್ತಾಗ ಇಂಜಿನ್ನಿನ ಕುಂಟು ಬದಲಾಗುವುದಿಲ್ಲ, ಕಳ್ಳ ಸಿಕ್ಕಿಬೀಳುತ್ತಾನೆ. ಬಿಚ್ಚಿ ನೋಡಿದರೆ ವಾಲ್ವು ಬೆಲ್ಲದ ಪಾಕದಂಥ ಕರಿ ಅಂಟಿನಲ್ಲಿ ಸಿಕ್ಕಿಕೊಂಡು ಪೂರ್ತಿ ಮುಚ್ಚುತ್ತಿಲ್ಲ. ಟಿಕ್ ಟಿಕ್ ಸದ್ದಿಗೂ ಅದೇ ಕಾರಣ. ಅರೆಬೆಂದ ತೆಂಗಿನಚಿಪ್ಪಿನ ಇದ್ದಿಲು ಹಾಕಿದರೆ ಇಂಥ ಅಂಟು ಕಟ್ಟುತ್ತದೆ.

ಈ ಲಾರಿಗೆ ಚಿಪ್ಪಿನ ಇದ್ದಿಲು ಸುಟ್ಟುಕೊಡುವವರು ಮಂಚಯ್ಯನವರ ಹೆಂಡತಿ ಹೊನ್ನಕ್ಕ. ಅದು ಶೆಡ್ಡಿನಲ್ಲಿದ್ದ ಎಲ್ಲರಿಗೂ ಗೊತ್ತು. ಮಂಚಯ್ಯ ಬಹಳ ಹೊತ್ತು ಕೈ ಒರೆಸಿಕೊಳ್ಳುತ್ತಾರೆ.

"ಲಕ್ಕಯ್ಯಂದು ತಪ್ಪಿಲ್ಲ ಸಾವ್ಕಾರ್ರೇ. ಇದ್ದಿಲು ಬೆಂದಿಲ್ಲ. ನಮ್ಮನೇದೇ ಅದು."

ಲಕ್ಕಯ್ಯನ ಕೆಲಸ ಉಳಿಯುತ್ತದೆ. ಹೊನ್ನಕ್ಕನ ಕೆಲಸ ಹೋಗುತ್ತದೆ. ಇನ್ನು ಇದ್ದಿಲನ್ನು ನುಗ್ಗೇಹಳ್ಳಿಯಿಂದ ತರಿಸುವುದಾಗಿ ಹೇಳಿ ಪಂಚಾಕ್ಷರಯ್ಯನವರು ಹೊರಡುತ್ತಾರೆ.

ಮಧ್ಯಾಹ್ನ ನಾನೂ ಮಂಚಯ್ಯನವರೂ ಅವರ ಮನೆಗೆ ಹೋಗುವಷ್ಟರಲ್ಲಿ ಸುದ್ದಿ ನಮಗಿಂತ ಮುಂಚೆ ತಲುಪಿದೆ. ಹಿತ್ತಲಿನಲ್ಲಿ ಚಿಪ್ಪು ಸುಡುವ ಗುಂಡಿಯಿಂದ ಹೊಸ ಇದ್ದಿಲು ತೆಗೆಯುತ್ತಿದ್ದ ಹೊನ್ನಕ್ಕ ಗಂಡನತ್ತ ತಿರುಗದೆ ನನಗೇ ಹೇಳುತ್ತಾರೆ: "ಮೋಡ ಕವ್ಕಂತು, ಮಳೆ ಬಂದ್ಬುಟ್ಟಾತು ಅಂತ ಗುಂಡಿ ಬ್ಯಾಗ ತಗುದ್ಬುಟ್ಟೆ. ತಪ್ಪು ನಂದೇಯ. ನಿಜ ಏಳಿದ್ಕೆ ಬೇಜಾರಿಲ್ಲ ಸಾ. ಊರ್ ಮುಂದೆ ಏಳೋಕ್ ಮೊದ್ಲು ನಂಗೊಂದ್ ಮಾತು ಏಳ್‌ಬಾರ್ದಾಗಿತ್ತಾ?"

ಇಂಜಿನ್ನಿನ ಉಸಿರನ್ನೆಲ್ಲ ಬಲ್ಲ ಮಂಚಯ್ಯ ತಲೆ ತಗ್ಗಿಸಿ ಗುಂಡಿಯ ಪಕ್ಕ ಕೂರುತ್ತಾರೆ. ಹೊನ್ನಕ್ಕ ಹೊಸ ಇದ್ದಿಲಿನ ಚೂರೊಂದನ್ನು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಬಿಡುತ್ತಾರೆ. ಪೂರ್ತಿ ಬೆಂದ ಇದ್ದಿಲಿನ ಹಾಗೆ ಟಣ್ ಎನ್ನುತ್ತದೆ. ಮಂಚಯ್ಯ ತಲೆಯೆತ್ತುತ್ತಾರೆ.

"ನಂಗಿರೋದು ಒಂದೇ ಆಸೆ ಸಾ" ಎನ್ನುತ್ತಾರೆ ಮೆಲ್ಲಗೆ. "ಆ ಲಾರಿ ಮತ್ತೆ ಇವ್ಳ ಇದ್ದಿಲಲ್ಲೇ ಓಡ್ಬೇಕು."

ಹೊನ್ನಕ್ಕ ಮಂಕರಿಗೆ ಇದ್ದಿಲು ತುಂಬತೊಡಗುತ್ತಾರೆ.

"ಅದ್ಕೆ ಆಸೆ ಯಾಕ್ ಪಡ್‌ಬೇಕು? ಇದ್ದಿಲು ಬೆಂದೈತೆ. ಬೇಕಾದೋರು ಬತ್ತಾರೆ."