ಮಗ್ಗದ ಪಕ್ಕದ ತಿರುವು

ಅಖಂಡ ಗುಳೇದಗುಡ್ಡದ ಕೀರ್ತಿಕಳಶಗಳೂ, ಸಂಜೆಯ ಕಟ್ಟೆ ಮಹಾಸಭೆಯ ಧುರೀಣರೂ ಆದ ಗೆಳೆಯರ ದಿವ್ಯ ಸನ್ನಿಧಿಗೆ ವಿಜ್ಞಾಪನೆ: ಇಂದು ನಮ್ಮ ಪಡಸಾಲೆಯಲ್ಲಿ ರೈಲು ಸಂಚಾರ ಆರಂಭವಾಯಿತು.

ಮಾವ ಮುಂಬಯಿಯಿಂದ ತಂದ, ಚಾವಿ ಕೊಟ್ಟರೆ ಓಡುವ ವಿಲಾಯತಿ ತಗಡಿನ ರೈಲು. ಬಾಗಿದ ಹಳಿಗಳಲ್ಲಿ ಎರಡು ಬಗೆ: ಸಣ್ಣ ತಿರುವಿನವು, ಅಗಲ ತಿರುವಿನವು. ಪಕ್ಕದ ಮನೆಯ ದಸ್ತಗೀರನ ಮಾತು ಕೇಳಿ ಬೆಳಿಗ್ಗೆ ಸಣ್ಣ ತಿರುವು ಜೋಡಿಸಿದೆವು. ಗಾಡಿ ಗರ್ರನೆ ಓಡಿ, ತಿರುವಿನಲ್ಲಿ ಹಾರಿ, ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕುಬಸದ ಖಣ ನೇಯುತ್ತಿದ್ದ ಅಪ್ಪನ ತೊಡೆಯ ಮೇಲೆ ಬಿತ್ತು.

"ಮಗನ, ಇನ್ನೊಮ್ಮಿ ಬಿತ್ತಂದ್ರ ಇದನ್ನ ನಿಮ್ಮ ಮಾವಗ ವಾಪಸ್ ಕಳಸ್ತೇನಿ!" ಎಂದು ಅಪ್ಪ ಗದರಿದರು.

"ಅಗಲ ತಿರುವ ಹಾಕೂಣಲೇ," ಎಂದೆ.

"ಅಡಿಗಿಮನಿ ಬಾಗಲಾ ಬಂದ್ ಆಕ್ಕೈತಿ. ನಿಮ್ಮವ್ವ ಬಿಡ್ತಾಳೇನು?" ಎಂದ ದಸ್ತಗೀರ.

"ರೈಲ ಬಂದಾಗ ಎಂಥಾವ್ರೂ ನಿಲ್ಲಬೇಕು."

ಅಗಲ ತಿರುವು ಹಾಕಿ ಗಾಡಿ ಬಿಟ್ಟೆ. ಮಗ್ಗದ ಪಕ್ಕ ಗಂಭೀರವಾಗಿ ಹಾದು, ಎಲ್ಲಿಯೂ ವಾಲದೆ ಸುತ್ತಿ ಬಂತು. ರೊಟ್ಟಿ ಬುಟ್ಟಿ ಹಿಡಿದ ಅವ್ವ ಬಾಗಿಲಲ್ಲೇ ನಿಂತು ದಾರಿ ಬಿಟ್ಟಳು! ಅಪ್ಪ ಕೈಯಲ್ಲಿನ ಲಾಳಿ ನಿಲ್ಲಿಸಿ, "ಅಡ್ಡಿಯಿಲ್ಲ, ತಲಿ ಐತಿ ನಿನಗ," ಎಂದರು. ತಿರುವುಗಳ ಶಾಸ್ತ್ರವನ್ನು ನಾನು ದಸ್ತಗೀರನಿಗೆ ಊಟದುದ್ದಕ್ಕೂ ಬೋಧಿಸಿದೆ.

ಒಂದು ಸಣ್ಣ ಮಾತು ಉಳಿಯಿತು. ಬೆಳಿಗ್ಗೆ ಪೂರ್ತಿ ಚಾವಿ ಕೊಟ್ಟಿದ್ದೆ. ಎರಡನೆಯ ಸಲ ಅಪ್ಪನ ಭಯಕ್ಕೆ ಅರ್ಧವೇ ಕೊಟ್ಟೆ. ಅಷ್ಟು ನಿಧಾನಕ್ಕೆ ಹೋಗಿದ್ದರೆ ಗಾಡಿ ಸಣ್ಣ ತಿರುವಿನಲ್ಲೂ ಬೀಳುತ್ತಿರಲಿಲ್ಲ. ದಸ್ತಗೀರನಿಗೆ ಯಾರೂ ಹೇಳಬೇಡಿ.