ಹೀಟರಿಗೊಂದು ತುತ್ತು

ಆ ವರ್ಷ ಸಿಂಧುವಿಗಿದ್ದ ದಣಿವು ದುಡಿದು ಬಂದದ್ದಲ್ಲ. ದುಡಿಯಲು ಅವಳ ವೀಸಾ ಬಿಡುತ್ತಲೇ ಇರಲಿಲ್ಲ. ಮಂಡ್ಯದಲ್ಲಿ ಬಿ.ಎಸ್ಸಿ. ಮುಗಿಸಿ, ಗಂಡನ ವೀಸಾದ ಬೆನ್ನು ಹಿಡಿದು ಬಂದವಳು ಹ್ಯಾರಿಸನ್ ಎಂಬ ಊರಿನ ಹಳೇ ಮನೆಯೊಂದರ ಮೇಲಿನ ಮಹಡಿಯಲ್ಲಿ ಮೂರೂವರೆ ವರ್ಷದ ಮಗಳು ಮಾಳವಿಕಾಳೊಡನೆ ಇಡೀ ದಿನ ಕಳೆಯಬೇಕು. ಮಾತಾಡಿಸಲು ಮೂರನೆಯ ಪ್ರಾಣಿಯಿಲ್ಲ. ಕೂತು ಕೂತು ಸುಸ್ತಾಗುತ್ತದೆ ಎಂದರೆ ಊರಲ್ಲಿ ಯಾರೂ ನಂಬುವುದಿಲ್ಲ, ಆದರೆ ಆಗುತ್ತದೆ.

ಗಂಡ ಜಗದೀಶನ ಸುಸ್ತು ಇನ್ನೊಂದು ಬಗೆಯದು. ಎರಡು ಸಾವಿರದ ಇಸವಿ ಹುಟ್ಟಿದ ಕ್ಷಣ ಕಂಪ್ಯೂಟರುಗಳಿಗೆಲ್ಲ ತಲೆ ಕೆಡುತ್ತದೆ ಎಂದು ಲೋಕವೇ ಹೆದರಿ ಕೂತಿದ್ದ ಕಾಲ ಅದು. ಮ್ಯಾನ್‌ಹ್ಯಾಟನ್ನಿನ ಒಂದು ಬ್ಯಾಂಕಿನಲ್ಲಿ ಅವನು ತಾರೀಖುಗಳನ್ನು ಹುಡುಕಿ ಹುಡುಕಿ ತಿದ್ದುತ್ತಿದ್ದ. ಮಗಳು ಏಳುವ ಮೊದಲೇ ಟ್ರೈನು ಹತ್ತಿದರೆ, ಬರುವುದು ಅವಳು ಮಲಗಿದ ಮೇಲೆ. ಶನಿವಾರವೂ ಎಷ್ಟೋ ಸಲ ಕರೆಯುತ್ತಿದ್ದರು.

ಹಾಗಾಗಿ ಗಂಡ ಹೆಂಡಿರು ಒಂದು ಉಪಾಯ ಹೂಡಿಕೊಂಡಿದ್ದರು. ಮನೆಯಿಂದ ಫೋನ್ ಬಂದರೆ ಅವನ ಮ್ಯಾನೇಜರ್ ಮುಖ ಸಿಂಡರಿಸುತ್ತಿದ್ದ. ಅದಕ್ಕೇ ಜಗದೀಶ ಮೀಟಿಂಗಿನಲ್ಲಿರುವ ಹೊತ್ತು ನೋಡಿಯೇ ಸಿಂಧು ಡಯಲ್ ಮಾಡುವಳು. ಆ ಕಡೆ ವಾಯ್ಸ್‌ಮೇಲ್ ಎತ್ತಿಕೊಂಡು 'ಬೀಪ್' ಎಂದದ್ದೇ ತಡ, ಮಗಳು ಅವತ್ತು ಆಡಿದ ಮಾತನ್ನು ಅದೇ ರಾಗದಲ್ಲಿ ಒಪ್ಪಿಸಿಬಿಡುವಳು. ಮಧ್ಯಾಹ್ನ ಮೊಸರನ್ನದ ಡಬ್ಬಿ ಬಿಚ್ಚಿಕೊಂಡು ಅವನು ಅದನ್ನು ಕೇಳಿಸಿಕೊಳ್ಳುತ್ತಿದ್ದ. ಮಗಳು ಬೆಳೆಯುವುದನ್ನು ಅವನು ಕಂಡದ್ದಕ್ಕಿಂತ ಕೇಳಿದ್ದೇ ಹೆಚ್ಚು.

ಮಾಳವಿಕಾಳ ಬಾಯಿಗೆ ಬಿಡುವೇ ಇರಲಿಲ್ಲ. ಹಿಂದಿನ ಚಳಿಗಾಲ ಮೊದಲ ಹಿಮ ಬಿದ್ದ ದಿನ, ಮೇಲೆ ಯಾರೋ ಕಾಯಿ ತುರೀತಿದ್ದಾರೆ, ಇಷ್ಟೊಂದು ಚಟ್ನಿ ಯಾರಿಗೆ ಎಂದಿದ್ದಳು. ಅಪ್ಪ ಕಾರ್ಡ್‌ಲೆಸ್ ಫೋನಿನ ಹಾಗೆ, ರಾತ್ರಿ ಚಾರ್ಜ್ ಆಗೋಕೆ ಮಾತ್ರ ಮನೆಗೆ ಬರೋದು ಎಂದಿದ್ದಳು. ಅದನ್ನು ಕೇಳಿ ಜಗದೀಶ ನಕ್ಕನೋ ಅತ್ತನೋ, ಸಿಂಧು ವಿಚಾರಿಸಲಿಲ್ಲ. ಕಿಟಕಿಯ ಕೆಳಗೆ ಕಬ್ಬಿಣದ ಹಳೇ ಹೀಟರಿತ್ತು. ಬಿಸಿ ಹಬೆ ನುಗ್ಗಿದಾಗೆಲ್ಲ ಅದು ಗುಡುಗುಡು ಎನ್ನುತ್ತಿತ್ತು. ಅದಕ್ಕೆ ಹೊಟ್ಟೆ ಹಸಿದಿದೆ ಎಂದು ತೀರ್ಮಾನಿಸಿದ ಹುಡುಗಿ ತನ್ನ ತಟ್ಟೆಯಿಂದ ಒಂದು ತುತ್ತು ಅನ್ನ ಅದರ ನೆತ್ತಿಯ ಮೇಲಿಟ್ಟೇ ಊಟಕ್ಕೆ ಕೂರುತ್ತಿದ್ದಳು. ಒಣಗಿ ಅಂಟಿದ ಅಗುಳನ್ನು ಕೆರೆಯುವ ಕೆಲಸ ತಾಯಿಯದು.

ಸೆಪ್ಟೆಂಬರಿನಲ್ಲಿ ಮಗುವನ್ನು ಪ್ರೀಸ್ಕೂಲಿಗೆ ಹಾಕಿದರು. ಎರಡು ವಾರ ಕಳೆಯುವಷ್ಟರಲ್ಲಿ ಟೀಚರ್ ಸಿಂಧುವನ್ನು ಪಕ್ಕಕ್ಕೆ ಕರೆದು, ಮಗು ಬಾಯಿ ಬಿಡುತ್ತಿಲ್ಲ, ಎರಡು ಭಾಷೆಯಿಂದ ಗೊಂದಲವಾಗಿದೆ, ಮನೆಯಲ್ಲೂ ಇಂಗ್ಲಿಷನ್ನೇ ಆಡಿ ಎಂದು ಮೆಲ್ಲಗೆ ಹೇಳಿದಳು. ಮನ್ರೋದಲ್ಲಿ ಮನೆ ಕೊಂಡು ನೆಲೆಯಾಗಿದ್ದ ಪರಿಚಯದ ಉಷಾ ಆಂಟಿಯನ್ನು ಕೇಳಿದರೆ ಅವರದೂ ಅದೇ ಸಲಹೆ. ತಮ್ಮ ಮಕ್ಕಳು ಪಟಪಟನೆ ಇಂಗ್ಲಿಷ್ ಆಡುವುದು ಹೀಗೆಯೇ ಅಂತೆ. ಸಿಂಧುವಿಗೆ ಓದಿದವರ ರೋಗ ಒಂದಿತ್ತು: ಟೀಚರ್ ಹೇಳಿದ್ದು ವೇದವಾಕ್ಯ. ಅಂದಿನಿಂದಲೇ ಮನೆಯಲ್ಲಿ ಕನ್ನಡ ಬಂದ್.

ಆದರೆ ಸಿಂಧುವಿನ ಇಂಗ್ಲಿಷು ಕಾಲೇಜಿನ ಪ್ರಾಕ್ಟಿಕಲ್ ರೆಕಾರ್ಡಿನದು. "ದ ಮಿಲ್ಕ್ ಈಸ್ ಹಾಟ್. ಪ್ಲೀಸ್ ಡ್ರಿಂಕ್ ಇಟ್ ಸ್ಲೋಲಿ" ಎನ್ನುವಳು. ಆ ಭಾಷೆಯಲ್ಲಿ ಅವಳಿಗೆ ಮುದ್ದು ಮಾಡಲೂ ಬರದು, ಗದರಲೂ ಬರದು. ಜಗದೀಶನೂ ರಜೆಯ ದಿನ ಸಿಕ್ಕಾಗ ಆಫೀಸಿನಲ್ಲಿ ಆಡಿದಂತೆ ಆಡುತ್ತಿದ್ದ. ಮಗು ಕೇಳಿದ್ದಕ್ಕೆ ಯೆಸ್, ನೋ ಎನ್ನತೊಡಗಿತು, ಆಮೇಲೆ ತಲೆಯಾಡಿಸತೊಡಗಿತು. ಹೀಟರಿನ ಮೇಲೆ ಅನ್ನ ಇಡುವುದೂ ನಿಂತಿತು. ಕೆರೆಯುವ ಕೆಲಸ ತಪ್ಪಿತಲ್ಲ ಎಂದು ಸಿಂಧು ಮೊದಲಿಗೆ ಸಮಾಧಾನ ಪಟ್ಟುಕೊಂಡಳು, ಪಾಪ.

ವಾಯ್ಸ್‌ಮೇಲ್ ಖಾಲಿ ಬಿದ್ದಿತು. ಹೆಂಡತಿಗೆ ತನ್ನ ಮೇಲೆ ಕೋಪವಿರಬೇಕೆಂದು ಜಗದೀಶ ಅಂದುಕೊಂಡ. ಕೊನೆಗೆ ಒಂದು ಭಾನುವಾರ ಕೇಳಿದಾಗ, ಹೇಳಲಿಕ್ಕೆ ಏನೂ ಇಲ್ಲ, ಅವಳು ಏನೂ ಆಡುತ್ತಿಲ್ಲ ಎಂದಳು ಸಿಂಧು. ಆಗ ಅವನು ಬಾಯಿಬಿಟ್ಟ. ಹಳೇ ಮೆಸೇಜುಗಳನ್ನು ಆ ಯಂತ್ರ ಕೆಲವು ವಾರಕ್ಕೆ ಅಳಿಸಿಬಿಡುತ್ತದಂತೆ. ಅಳಿಯದಂತೆ ಅವನು ಒಂದೊಂದನ್ನೂ ಮತ್ತೆ ಮತ್ತೆ ಕೇಳಿ ಉಳಿಸಿಕೊಂಡು ಬಂದಿದ್ದ. ಈಗ ಊಟದ ಹೊತ್ತಿಗೆ ಹಳೆಯವನ್ನೇ ಹಾಕಿಕೊಳ್ಳುತ್ತಿದ್ದ. ಮಗುವಿಗೆ ಒಂದು ಭಾಷೆ ಕೊಡಲು ಹೋಗಿ ಮಗುವನ್ನೇ ಕಳೆದುಕೊಂಡೆವೇ ಎಂಬ ಭಯ ಅವತ್ತು ಸಿಂಧುವಿನೊಳಗೆ ಹೊಕ್ಕದ್ದು ಹೋಗಲೇ ಇಲ್ಲ. ಆದರೂ ಟೀಚರ್ ಹೇಳಿದ್ದಾಳೆ, ಬಿಡುವುದು ಹೇಗೆ?

ನವೆಂಬರಿನ ಒಂದು ಮಧ್ಯಾಹ್ನ ಹಾಲು ಮುಗಿದಿತ್ತು. ಬರುವಾಗ ತರಲು ಹೇಳೋಣವೆಂದು ಸಿಂಧು ಅಡುಗೆಮನೆಯಿಂದ ಫೋನು ಹಚ್ಚಿದಳು. ಬೀಪ್ ಆಯಿತು. ಅದೇ ಗಳಿಗೆಗೆ ನಡುಮನೆಯಲ್ಲಿ ಹೀಟರು ಗುಡುಗುಡು ಎಂದಿತು, ಅದರ ಹಿಂದೆಯೇ ಎಷ್ಟೋ ದಿನದಿಂದ ಕೇಳದ ಸ್ವರ. ಸಿಂಧು ಫೋನ್ ಹಿಡಿದೇ ಬಾಗಿಲಿಗೆ ಬಂದಳು. ಮಾಳವಿಕಾ ಹೀಟರಿನ ಮುಂದೆ ಚಕ್ಕಳಮಕ್ಕಳ ಹಾಕಿ ಕೂತಿದ್ದಳು.

"ಸುಮ್ನಿರು, ಅಳಬೇಡ. ಅಮ್ಮ ಊರಿಗೆ ಹೋಗಿದಾಳೆ. ಇವ್ರು ಅಮ್ಮನ ಸ್ವೆಟರ್ ಹಾಕ್ಕೊಂಡಿರೋ ಮಿಸ್ಸು. ಅಮ್ಮ ವಾಪಸ್ ಬಂದ್ಮೇಲೆ ನಿಂಗೆ ಅನ್ನ ಕೊಡ್ತಾಳೆ. ನಂಗೂ ಕೊಡ್ತಾಳೆ."

ಸಿಂಧು ಫೋನನ್ನು ಸ್ಟೂಲಿನ ಮೇಲೆ ಹಾಗೇ ಇಟ್ಟಳು, ಕಟ್ ಮಾಡಲಿಲ್ಲ. ತಟ್ಟೆಗೆ ಅನ್ನ ಸಾರು ಹಾಕಿ ಕಲಸುತ್ತಾ ಬಂದು ಮಗಳ ಪಕ್ಕ ನೆಲದ ಮೇಲೆ ಕೂತಳು.

"ಬಾ ಪುಟ್ಟಿ, ತುತ್ತು ತಿನ್ನು ಬಾ."

ಮಗು ಅವಳ ಮುಖವನ್ನೇ ನೋಡಿತು. "ಯಾವಾಗ ಬಂದೆ?"

"ಈಗ್ಲೇ ಕಣೇ."

"ಮಿಸ್ಸು ಹೋದ್ರಾ?"

"ಹೋದ್ರು. ಇನ್ನು ಬರಲ್ಲ."

ಮಾಳವಿಕಾ ಮೊದಲ ತುತ್ತನ್ನು ಹೀಟರಿಗಿಟ್ಟಳು, ಎರಡನೆಯದಕ್ಕೆ ತಾನು ಬಾಯಿ ತೆರೆದಳು.

ಮಾರನೆಯ ದಿನ ಸಿಂಧು ಪ್ರೀಸ್ಕೂಲಿಗೆ ಹೋಗಿ ತನ್ನ ರೆಕಾರ್ಡ್ ಪುಸ್ತಕದ ಇಂಗ್ಲಿಷಿನಲ್ಲೇ ಹೇಳಿ ಬಂದಳು: "ಅಟ್ ಹೋಮ್ ವಿ ವಿಲ್ ಸ್ಪೀಕ್ ಕನ್ನಡ. ಇಂಗ್ಲಿಷ್ ಯೂ ಪ್ಲೀಸ್ ಟೀಚ್." ಟೀಚರಿಗೆ ಅದು ಒಪ್ಪಿಗೆಯಾದಂತೆ ಕಾಣಲಿಲ್ಲ. ವಾದಿಸುವಷ್ಟು ಶಕ್ತಿ ಸಿಂಧುವಿಗೂ ಇರಲಿಲ್ಲ, ಬಂದುಬಿಟ್ಟಳು.

ಆ ಶನಿವಾರ ಜಗದೀಶನಿಗೆ ಹೇಗೋ ರಜೆ ಸಿಕ್ಕಿತು. ಮಗಳು ಅಪ್ಪನ ತೊಡೆಯೇರಿ, ನಿನ್ನ ಚಾರ್ಜು ಇವತ್ತೆಷ್ಟಿದೆ ಎಂದು ಕಿವಿ ತಿರುವಿ ನೋಡುತ್ತಿದ್ದಳು. ಅವಳು ಬೊಂಬೆ ಹುಡುಕಲು ಒಳಗೆ ಓಡಿದ ಮೇಲೆ ಅವನು ತಗ್ಗಿದ ದನಿಯಲ್ಲಿ ಹೇಳಿದ.

"ಮಿಕ್ಕಿದ್ದೆಲ್ಲಾ ಸೇವ್ ಮಾಡಿಟ್ಟಿದೀನಿ, ಸಿಂಧು. ಅವ್ಳು ಹೀಟರ್ ಹತ್ರ ಮಾತಾಡಿದ್ದ ಆ ಮೆಸೇಜ್ ಮಾತ್ರ ಡಿಲೀಟ್ ಮಾಡ್ದೆ. ಎರಡನೇ ಸಲ ಕೇಳೋಕೆ ಧೈರ್ಯ ಬರ್ಲಿಲ್ಲ."

ಸಿಂಧು ಚಾಕು ತಂದು ಹೀಟರಿನ ನೆತ್ತಿಗೆ ಅಂಟಿದ್ದ ಅಗುಳನ್ನು ಕೆರೆಯಲು ಕೂತಿದ್ದಳು.

"ಹೋಗ್ಲಿ ಬಿಡ್ರೀ," ಎಂದಳು. "ಅದನ್ನ ಇಟ್ಕೊಳ್ಳೋಕೆ ನಂಗೆ ಮೆಷಿನ್ ಬೇಕಿಲ್ಲ."